ಹೋಟೆಲ್‌ನಲ್ಲಿ ಕೂತು ತಿನ್ನಲು ಹೋಗಬಹುದೇ? ಫಾರ್ವರ್ಡ್‌ಗಳು ಹೇಳದೆ ಬಿಡುವ ಸಂಗತಿಗಳು

2021ರಲ್ಲಿ ಕೊರೊನಾ ಎರಡನೇ ಅಲೆ ಇಳಿಯುತ್ತಿದ್ದಂತೆ ಹೋಟೆಲ್‌ಗಳಲ್ಲಿ ಕೂತು ತಿನ್ನಲು ಮತ್ತೆ ಅವಕಾಶ ಸಿಕ್ಕಿತು. ಜೊತೆಗೇ ವಾಟ್ಸಾಪ್‌ನಲ್ಲಿ ಎರಡು ಬಗೆಯ ಸಂದೇಶಗಳು ಓಡಾಡಿದವು. ಒಂದು, "ಬಿಸಿ ಬಿಸಿ ತಿಂದರೆ ವೈರಸ್ ಸಾಯುತ್ತದೆ, ಧೈರ್ಯವಾಗಿ ಹೋಗಿ" ಎನ್ನುವುದು. ಇನ್ನೊಂದು, "ಹೋಟೆಲ್ ಪಾರ್ಸೆಲ್ ಕವರ್ ಮುಟ್ಟಿದರೂ ಕೊರೊನಾ ಬರುತ್ತದೆ" ಎನ್ನುವುದು. ಒಂದು ಇಲ್ಲದ ಧೈರ್ಯ ಕೊಡುತ್ತದೆ, ಇನ್ನೊಂದು ಬೇಡದ ಕಡೆ ಹೆದರಿಸುತ್ತದೆ. ನಿಜವಾಗಿ ಎಲ್ಲಿ ಎಚ್ಚರ ಬೇಕು ಎಂಬುದನ್ನು ಎರಡೂ ಹೇಳುವುದಿಲ್ಲ.

ನಮ್ಮ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ: ಅಪಾಯ ಇರುವುದು ತಟ್ಟೆಯಲ್ಲಿ ಅಲ್ಲ, ಗಾಳಿಯಲ್ಲಿ. ಆದ್ದರಿಂದ "ಹೋಟೆಲ್‌ಗೆ ಹೋಗಬಹುದೇ" ಎಂಬ ಪ್ರಶ್ನೆಗೆ ಎಲ್ಲರಿಗೂ ಸಲ್ಲುವ ಹೌದು ಅಥವಾ ಇಲ್ಲ ಸಿಗುವುದಿಲ್ಲ. ಎಂಥ ಹೋಟೆಲ್, ಎಷ್ಟು ಹೊತ್ತು, ಊರಿನಲ್ಲಿ ಸೋಂಕು ಎಷ್ಟಿದೆ, ನಿಮ್ಮ ಮನೆಯಲ್ಲಿ ಯಾರಿದ್ದಾರೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಮೂರು ಟೇಬಲ್‌ಗಳ ಕಥೆ

ಚೀನಾದ ಗುವಾಂಗ್‌ಝೌ ನಗರದಲ್ಲಿ 2020ರ ಜನವರಿ 24ರಂದು ಒಂದು ರೆಸ್ಟೋರೆಂಟ್‌ನಲ್ಲಿ ನಡೆದದ್ದನ್ನು ವಿಜ್ಞಾನಿಗಳು ಬಹಳ ವಿವರವಾಗಿ ಅಧ್ಯಯನ ಮಾಡಿದ್ದಾರೆ. ಅದು ಚೀನೀ ಹೊಸ ವರ್ಷದ ಹಿಂದಿನ ದಿನ. ಮೂರನೇ ಮಹಡಿ, ಕಿಟಕಿಗಳಿಲ್ಲದ ಎ.ಸಿ. ಹಾಲ್, ಮಧ್ಯಾಹ್ನದ ಊಟದ ಹೊತ್ತು. ಹಿಂದಿನ ದಿನ ವುಹಾನ್‌ನಿಂದ ಬಂದಿದ್ದ ಒಂದು ಕುಟುಂಬ ನಡುವಿನ ಟೇಬಲ್‌ನಲ್ಲಿ ಕೂತಿತ್ತು. ಅದೇ ದಿನ, ಊಟ ಮುಗಿದ ಮೇಲೆ, ಆ ಕುಟುಂಬದ ಒಬ್ಬ ಮಹಿಳೆಗೆ ಜ್ವರ ಮತ್ತು ಕೆಮ್ಮು ಕಾಣಿಸಿಕೊಂಡಿತು.

ಫೆಬ್ರುವರಿ 5ರ ಹೊತ್ತಿಗೆ ಅವರನ್ನೂ ಸೇರಿಸಿ ಮೂರು ಕುಟುಂಬಗಳ 10 ಮಂದಿಗೆ ಸೋಂಕು ತಗುಲಿತ್ತು. ಅವರಲ್ಲಿ 5 ಮಂದಿ ಅಕ್ಕಪಕ್ಕದ ಎರಡು ಟೇಬಲ್‌ಗಳಲ್ಲಿ ಕೂತಿದ್ದವರು. ಆ ಮಹಿಳೆಗೂ ಇವರಿಗೂ ಪರಿಚಯವೇ ಇರಲಿಲ್ಲ. ಟೇಬಲ್‌ಗಳ ನಡುವೆ ಸುಮಾರು ಒಂದು ಮೀಟರ್ ಅಂತರವಿತ್ತು. ಒಂದು ಕುಟುಂಬ ಸೋಂಕಿತರ ಪಕ್ಕ 53 ನಿಮಿಷ ಕೂತಿತ್ತು, ಇನ್ನೊಂದು 73 ನಿಮಿಷ. ಆದರೆ ಅದೇ ಮಹಡಿಯಲ್ಲಿ ಊಟ ಮಾಡಿದ ಉಳಿದ 70ಕ್ಕೂ ಹೆಚ್ಚು ಮಂದಿಗೆ, ಬಡಿಸಿದ ಸಿಬ್ಬಂದಿಗೆ ಸೋಂಕು ಬರಲಿಲ್ಲ.

ಹೀಗೇಕಾಯಿತು? ಒಂದು ಎ.ಸಿ. ಯಂತ್ರದಿಂದ ಹೊರಟ ಗಾಳಿ ಈ ಮೂರು ಟೇಬಲ್‌ಗಳ ಮೇಲೆ ಹಾದು, ಗೋಡೆಗೆ ಬಡಿದು, ಮತ್ತೆ ಅದೇ ಯಂತ್ರಕ್ಕೆ ಮರಳುತ್ತಿತ್ತು. ಹಾಲ್‌ನ ಎಕ್ಸಾಸ್ಟ್ ಫ್ಯಾನ್‌ಗಳು ಬಂದ್ ಆಗಿದ್ದವು. ನಂತರ ಅಳತೆ ಮಾಡಿ ನೋಡಿದಾಗ, ಒಬ್ಬೊಬ್ಬರ ಪಾಲಿಗೆ ಸೆಕೆಂಡಿಗೆ ಸುಮಾರು 1 ಲೀಟರ್ ಮಾತ್ರ ಹೊಸ ಗಾಳಿ ಬರುತ್ತಿತ್ತು ಎಂದು ತಿಳಿಯಿತು. ಇಂಥ ಕಟ್ಟಡಗಳಲ್ಲಿ ಒಬ್ಬರಿಗೆ ಸೆಕೆಂಡಿಗೆ ಕನಿಷ್ಠ 10 ಲೀಟರ್ ಹೊಸ ಗಾಳಿ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಬೇಕಾದದ್ದರ ಹತ್ತನೇ ಒಂದು ಭಾಗವಷ್ಟೇ ಅಲ್ಲಿತ್ತು.

ದಕ್ಷಿಣ ಕೊರಿಯಾದ ಜಿಯೊಂಜು ನಗರದಲ್ಲಿ 2020ರ ಜೂನ್‌ನಲ್ಲಿ ನಡೆದದ್ದು ಇನ್ನೂ ಬೆರಗು ಹುಟ್ಟಿಸುತ್ತದೆ. ಅಲ್ಲಿನ ಒಂದು ರೆಸ್ಟೋರೆಂಟ್‌ನಲ್ಲಿ ಸೋಂಕಿತ ವ್ಯಕ್ತಿಯಿಂದ 6.5 ಮೀಟರ್ ದೂರ ಕೂತಿದ್ದವರಿಗೆ, ಇಬ್ಬರೂ ಒಟ್ಟಿಗೆ ಇದ್ದದ್ದು ಕೇವಲ 5 ನಿಮಿಷವಾದರೂ, ಸೋಂಕು ತಗುಲಿತು. ಅವರು ಕೂತಿದ್ದದ್ದು ಎ.ಸಿ. ಗಾಳಿ ನೇರವಾಗಿ ಹರಿದು ಬರುವ ದಾರಿಯಲ್ಲಿ.

ಎಲ್ಲ ಹೋಟೆಲ್‌ಗಳಲ್ಲೂ ಹೀಗೇ ಆಗುತ್ತದೆ ಎಂದಲ್ಲ. ಆದರೆ ಮುಚ್ಚಿದ ಕೋಣೆಯಲ್ಲಿ ಎಷ್ಟು ದೂರ ಕೂತಿದ್ದೇವೆ ಎನ್ನುವುದೊಂದೇ ನಮ್ಮನ್ನು ಕಾಯುವುದಿಲ್ಲ ಎಂಬುದು ಇವೆರಡರಿಂದ ತಿಳಿಯುತ್ತದೆ. ನಮ್ಮ ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿಯೂ 2021ರ ಮೇ ತಿಂಗಳ ಸಲಹೆಯಲ್ಲಿ ಇದನ್ನೇ ಹೇಳಿದೆ: ಬಾಯಿಂದ ಹಾರುವ ದೊಡ್ಡ ಹನಿಗಳು 2 ಮೀಟರ್ ಒಳಗೆ ಬೀಳುತ್ತವೆ, ಆದರೆ ತೀರಾ ಸಣ್ಣ ಕಣಗಳು ಗಾಳಿಯಲ್ಲಿ 10 ಮೀಟರ್‌ವರೆಗೂ ಸಾಗಬಹುದು.

ಫಾರ್ವರ್ಡ್‌ಗಳು ಏನು ಹೇಳುತ್ತವೆ, ನಿಜ ಏನು?

*"ಬಿಸಿ ಊಟ, ಮೆಣಸಿನ ಸಾರು, ಬೆಳ್ಳುಳ್ಳಿ ತಿಂದರೆ ವೈರಸ್ ಸಾಯುತ್ತದೆ."*
ತಪ್ಪು. ಈ ವೈರಸ್ ಮುಖ್ಯವಾಗಿ ಉಸಿರಿನ ಮೂಲಕ ಮೂಗು, ಗಂಟಲು, ಶ್ವಾಸಕೋಶ ಸೇರುತ್ತದೆ. ನೀವು ನುಂಗಿದ ಸಾರು ಹೊಟ್ಟೆಗೆ ಹೋಗುತ್ತದೆ, ಪಕ್ಕದ ಟೇಬಲ್‌ನವರು ಬಿಟ್ಟ ಗಾಳಿ ಮೂಗಿಗೆ ಬರುತ್ತದೆ. ಮೆಣಸಿನ ಸಾರು ನೆಗಡಿಯಾದಾಗ ಗಂಟಲಿಗೆ ಹಿತ ನಿಜ. ಆದರೆ ಅದು ಸೋಂಕು ತಡೆಯುತ್ತದೆ ಎನ್ನಲು ಆಧಾರವಿಲ್ಲ.

*"ಪಾರ್ಸೆಲ್ ತಂದರೂ ಅಪಾಯ."*
ಆಹಾರದಿಂದ ಅಥವಾ ಅದರ ಕವರ್‌ನಿಂದ ಕೋವಿಡ್ ಹರಡುತ್ತದೆ ಎನ್ನಲು ಪುರಾವೆ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ವೈರಸ್ ಇರುವ ಜಾಗವನ್ನು ಒಮ್ಮೆ ಮುಟ್ಟಿದರೆ ಸೋಂಕು ತಗಲುವ ಸಾಧ್ಯತೆ 10,000ಕ್ಕೆ ಒಂದಕ್ಕಿಂತ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರ ಏಪ್ರಿಲ್‌ನಲ್ಲಿ ಹೇಳಿದೆ. ಕವರ್ ಬಿಸಾಡಿ, ಸೋಪಿನಲ್ಲಿ ಕೈ ತೊಳೆದು ತಿಂದರೆ ಸಾಕು. ಊಟದ ಮೇಲೆ, ಹಣ್ಣಿನ ಮೇಲೆ ಸ್ಯಾನಿಟೈಸರ್ ಸಿಂಪಡಿಸಬೇಡಿ, ಅದು ಹೊಟ್ಟೆಗೆ ಹೋಗುವ ವಸ್ತುವಲ್ಲ.

*"ಬಾಗಿಲಲ್ಲೇ ಟೆಂಪರೇಚರ್ ನೋಡಿ ಬಿಡುತ್ತಾರೆ, ಹೆದರಿಕೆ ಇಲ್ಲ."*
ಥರ್ಮಲ್ ಗನ್ ಜ್ವರವನ್ನು ಮಾತ್ರ ತೋರಿಸುತ್ತದೆ, ವೈರಸ್ಸನ್ನಲ್ಲ. ಲಕ್ಷಣ ಕಾಣಿಸುವುದಕ್ಕೆ ಸುಮಾರು ಎರಡು ದಿನ ಮೊದಲೇ ಸೋಂಕಿತರು ಇತರರಿಗೆ ಹರಡಬಲ್ಲರು. ಕೆಲವರಿಗೆ ಲಕ್ಷಣವೇ ಬರುವುದಿಲ್ಲ. ಇಂಥವರೆಲ್ಲ ಬಾಗಿಲಿನ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತಾರೆ.

*"ಎ.ಸಿ. ರೂಮಿನಲ್ಲಿ ಗಾಳಿ ಶುದ್ಧವಾಗಿರುತ್ತದೆ."*
ಇದು ಬಹಳ ಜನರ ನಂಬಿಕೆ. ಗೋಡೆಯ ಮೇಲಿರುವ ಸಾಮಾನ್ಯ ಸ್ಪ್ಲಿಟ್ ಎ.ಸಿ. ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ. ಕೋಣೆಯ ಗಾಳಿಯನ್ನೇ ಎಳೆದು, ತಂಪು ಮಾಡಿ, ಮತ್ತೆ ಅಲ್ಲಿಗೇ ಬಿಡುತ್ತದೆ. ತಂಪಾದ ಗಾಳಿ ಬೇರೆ, ಹೊಸ ಗಾಳಿ ಬೇರೆ. ಈ ಲೆಕ್ಕದಲ್ಲಿ, ಹೆಚ್ಚು ದುಡ್ಡು ಕೊಟ್ಟು ಕೂರುವ ಮಹಡಿ ಮೇಲಿನ ಎ.ಸಿ. ಫ್ಯಾಮಿಲಿ ರೂಮಿಗಿಂತ ಬೀದಿಗೆ ತೆರೆದುಕೊಂಡ ದರ್ಶಿನಿಯ ಕಟ್ಟೆಯೇ ವಾಸಿ.

*"ಲಸಿಕೆ ಹಾಕಿಸಿಕೊಂಡಿದ್ದೇನೆ, ಇನ್ನೇನು ಭಯ?"*
ಲಸಿಕೆ ನಮ್ಮ ಕೈಯಲ್ಲಿರುವ ಅತ್ಯುತ್ತಮ ರಕ್ಷಣೆ, ಮುಖ್ಯವಾಗಿ ಆಸ್ಪತ್ರೆ ಸೇರುವಷ್ಟು ಕಾಯಿಲೆಯಾಗುವುದನ್ನು ತಡೆಯಲು. ಆದರೆ ಡೋಸ್ ಲೆಕ್ಕ ನೋಡಬೇಕು. ಡೆಲ್ಟಾ ತಳಿಯ ಬಗ್ಗೆ ಇಂಗ್ಲೆಂಡ್‌ನಲ್ಲಿ ನಡೆದ, 2021ರ ಜುಲೈನಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ನಮ್ಮಲ್ಲಿ ಕೋವಿಶೀಲ್ಡ್ ಎಂದು ಕೊಡುತ್ತಿದ್ದ ಆಸ್ಟ್ರಾಜೆನೆಕಾ ಲಸಿಕೆಯ ಒಂದು ಡೋಸ್ ರೋಗಲಕ್ಷಣವಿರುವ ಸೋಂಕನ್ನು ತಡೆದದ್ದು ಸುಮಾರು 30%, ಎರಡು ಡೋಸ್ ತಡೆದದ್ದು ಸುಮಾರು 67%. ಒಂದು ಡೋಸ್ ಆದವರು ಅರ್ಧ ದಾರಿಯನ್ನೂ ದಾಟಿಲ್ಲ ಎಂದೇ ತಿಳಿಯಬೇಕು. ಎರಡನೇ ಡೋಸ್ ಆಗಿ ಎರಡು ವಾರ ಕಳೆದ ಮೇಲೆ ರಕ್ಷಣೆ ಪೂರ್ತಿ ಬರುತ್ತದೆ ಎಂದು 2021ರಲ್ಲಿ ಪರಿಗಣಿಸಲಾಗಿತ್ತು.

ಹಾಗಾದರೆ ಲೆಕ್ಕ ಹಾಕುವುದು ಹೇಗೆ?

ನಾವು ನಾಲ್ಕು ಪ್ರಶ್ನೆಗಳನ್ನು ಸೂಚಿಸುತ್ತೇವೆ.

1. ಊರಿನಲ್ಲಿ ಸೋಂಕು ಎಷ್ಟಿದೆ? ಹಾಲ್‌ನಲ್ಲಿ 50 ಜನ ಇದ್ದಾರೆ ಎಂದುಕೊಳ್ಳಿ. ಊರಿನಲ್ಲಿ ಸಾವಿರಕ್ಕೆ ಒಬ್ಬರು ಸೋಂಕಿತರಾಗಿ ಓಡಾಡುತ್ತಿದ್ದರೆ, ಆ 50ರಲ್ಲಿ ಒಬ್ಬರಾದರೂ ಸೋಂಕಿತರಿರುವ ಸಾಧ್ಯತೆ ಸುಮಾರು 5%. ನೂರಕ್ಕೆ ಒಬ್ಬರಿದ್ದರೆ ಅದು ಸುಮಾರು 40%ಕ್ಕೆ ಏರುತ್ತದೆ. ಹೋಟೆಲ್ ಅದೇ, ಟೇಬಲ್ ಅದೇ, ಆದರೆ ಅಪಾಯ ಎಂಟು ಪಟ್ಟು. ನಿಮ್ಮ ಜಿಲ್ಲೆಯ ಹೊಸ ಪ್ರಕರಣಗಳು ವಾರದಿಂದ ವಾರಕ್ಕೆ ಏರುತ್ತಿವೆಯೋ ಇಳಿಯುತ್ತಿವೆಯೋ ನೋಡಿ. ಪಾಸಿಟಿವಿಟಿ ದರ 5% ದಾಟಿದ್ದರೆ ಕೂತು ತಿನ್ನುವ ಯೋಚನೆ ಮುಂದಕ್ಕೆ ಹಾಕಿ.

2. ಗಾಳಿ ಆಡುತ್ತದೆಯೇ? ಬಾಗಿಲು, ಕಿಟಕಿ ತೆರೆದಿದೆಯೇ? ಎಕ್ಸಾಸ್ಟ್ ಫ್ಯಾನ್ ತಿರುಗುತ್ತಿದೆಯೇ? ಇದಕ್ಕೆ ಮೂಗೇ ಒಂದು ಒರಟು ಅಳತೆಗೋಲು. ಅಡುಗೆಮನೆಯಲ್ಲಿ ಹಾಕಿದ ಒಗ್ಗರಣೆಯ ಘಾಟಿಗೆ ಇಡೀ ಹಾಲ್ ಕೆಮ್ಮುತ್ತಿದ್ದರೆ, ಆ ಘಾಟು ಬಹಳ ಹೊತ್ತು ಹೋಗದೆ ನಿಂತರೆ, ಅಲ್ಲಿನ ಉಸಿರೂ ಹಾಗೆಯೇ ನಿಂತಿದೆ ಎಂದರ್ಥ. ಘಾಟು ಇಲ್ಲ ಎಂದ ಮಾತ್ರಕ್ಕೆ ಗಾಳಿ ಚೆನ್ನಾಗಿದೆ ಎನ್ನಲಾಗದು. ಆದರೆ ಘಾಟು ನಿಂತಿದ್ದರೆ ಗಾಳಿ ಕೆಟ್ಟಿದೆ ಎನ್ನಲು ಅನುಮಾನ ಬೇಡ. ಇಂಗಾಲದ ಡೈಆಕ್ಸೈಡ್ ಅಳೆಯುವ ಸಣ್ಣ ಮೀಟರ್ ಇದ್ದರೆ ಇನ್ನೂ ಸುಲಭ. ಹೊರಗಿನ ಗಾಳಿಯಲ್ಲಿ ಅದು ದಶಲಕ್ಷಕ್ಕೆ 400ರ ಆಸುಪಾಸು ತೋರಿಸುತ್ತದೆ. ಒಳಗೆ 1000 ದಾಟಿದ್ದರೆ ಜನ ಬಿಟ್ಟ ಉಸಿರೇ ಒಳಗೆ ಸುತ್ತುತ್ತಿದೆ.

3. ಎಷ್ಟು ಹೊತ್ತು, ಎಷ್ಟು ಮಾತು? ತಿನ್ನುವಾಗ ಎಲ್ಲರ ಮಾಸ್ಕ್ ಕೆಳಗಿರುತ್ತದೆ. ಜೋರಾಗಿ ಮಾತಾಡಿದಷ್ಟೂ ಬಾಯಿಂದ ಹೊರಡುವ ಕಣಗಳು ಹೆಚ್ಚು. ಬೆಳಗ್ಗೆ ಎಂಟಕ್ಕೆ ಹೋಗಿ ಹದಿನೈದು ನಿಮಿಷದಲ್ಲಿ ಇಡ್ಲಿ ತಿಂದು ಬರುವುದಕ್ಕೂ, ಭಾನುವಾರ ರಾತ್ರಿ ಹತ್ತು ಜನ ಸೇರಿ, ಹಾಡಿನ ಗದ್ದಲದ ಮೇಲೆ ದನಿ ಏರಿಸಿ ಎರಡು ಗಂಟೆ ಹುಟ್ಟುಹಬ್ಬ ಮಾಡುವುದಕ್ಕೂ ಅಜಗಜಾಂತರವಿದೆ. ಅರ್ಧ ಸೀಟು ಮಾತ್ರ ಎಂದು 2021ರಲ್ಲಿ ಇದ್ದ ನಿಯಮ ಉಪಯುಕ್ತವೇ ಆಗಿತ್ತು. ಆದರೆ ಗಾಳಿ ಹೊರಹೋಗದ ಕೋಣೆಯಲ್ಲಿ ಅರ್ಧದಷ್ಟು ಜನರಿದ್ದರೂ ಹೊತ್ತು ಕಳೆದಂತೆ ಕಣಗಳು ಸೇರುತ್ತಲೇ ಹೋಗುತ್ತವೆ.

4. ಮನೆಯಲ್ಲಿ ಯಾರಿದ್ದಾರೆ? ಬಹಳಷ್ಟು ಜನ ಈ ಪ್ರಶ್ನೆಯನ್ನೇ ಮರೆಯುತ್ತಾರೆ. ಮೂವತ್ತರ ಹರೆಯದವರು ಒಂದು ಮಸಾಲೆ ದೋಸೆಗಾಗಿ ತಮ್ಮ ಮಟ್ಟಿಗೆ ಸಣ್ಣ ಅಪಾಯ ಎಂದುಕೊಂಡು ಹೋಗಬಹುದು. ಆದರೆ ಸೋಂಕು ತಗುಲಿದರೆ ಅದು ಅವರೊಂದಿಗೇ ಮನೆಗೆ ಬರುತ್ತದೆ. ಅಲ್ಲಿ ಸಕ್ಕರೆ ಕಾಯಿಲೆಯ ಅಪ್ಪ, ಒಂದೇ ಡೋಸ್ ಆಗಿರುವ ಅಜ್ಜಿ, ಬಸುರಿ ತಂಗಿ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಅತ್ತೆ ಇರಬಹುದು. ದೋಸೆ ತಿಂದವರು ಒಬ್ಬರು, ಬೆಲೆ ತೆರುವವರು ಇನ್ನೊಬ್ಬರು. ಮನೆಯಲ್ಲಿ ಇಂಥವರಿದ್ದು ಅವರ ಲಸಿಕೆ ಪೂರ್ತಿಯಾಗಿಲ್ಲದಿದ್ದರೆ, ಸದ್ಯಕ್ಕೆ ಪಾರ್ಸೆಲ್ಲೇ ಸರಿ ಎಂಬುದು ನಮ್ಮ ಸಲಹೆ.

ಹೋಗುವುದೇ ಆದರೆ

- ಹೊರಗಿನ ಕಟ್ಟೆ, ಅಂಗಳ, ಟೆರೇಸ್, ಬಾಗಿಲ ಬಳಿಯ ಟೇಬಲ್ ಆರಿಸಿ. ಎ.ಸಿ. ಗಾಳಿ ನೇರವಾಗಿ ಬೀಸುವ ಜಾಗ ಬೇಡ.
- ಜನ ಕಡಿಮೆ ಇರುವ ಹೊತ್ತಿಗೆ ಹೋಗಿ. ಕೂತವರ ಕುರ್ಚಿಯ ಹಿಂದೆ ಸೀಟಿಗಾಗಿ ಕಾಯುತ್ತ ನಿಲ್ಲುವಷ್ಟು ರಶ್ ಇದ್ದರೆ ಪಾರ್ಸೆಲ್ ತೆಗೆದುಕೊಂಡು ಬನ್ನಿ.
- ತಿಂಡಿ ಬರುವವರೆಗೆ ಮತ್ತು ತಿಂದ ಕೂಡಲೇ ಮಾಸ್ಕ್ ಹಾಕಿ. ಹರಟೆ ಹೊರಗೆ ಬಂದ ಮೇಲೆ ಇರಲಿ.
- ಕೈ ತೊಳೆಯುವ ಬೇಸಿನ್ ಹತ್ತಿರ ಗುಂಪು ಸೇರಬೇಡಿ. ಮಾಸ್ಕ್ ಇಲ್ಲದ ಐದಾರು ಜನ ಇಕ್ಕಟ್ಟಿನಲ್ಲಿ ಬಾಯಿ ಮುಕ್ಕಳಿಸುವ ಜಾಗ ಅದು.
- ನಿಮಗೇ ಗಂಟಲು ನೋವು, ಜ್ವರ, ಕೆಮ್ಮು ಇದ್ದರೆ ಹೋಗಲೇಬೇಡಿ. ಹೋಗಿ ಬಂದ ಮೇಲೆ ಲಕ್ಷಣ ಕಂಡರೆ ಪರೀಕ್ಷೆ ಮಾಡಿಸಿ, ಜೊತೆಗೆ ಕೂತಿದ್ದವರಿಗೆ ತಿಳಿಸಿ. ಮುಚ್ಚಿಡುವುದು ಬೇಡ.

ಗಲ್ಲಾದ ಆಚೆ ಇರುವವರು

ನಾವು ಅರ್ಧ ಗಂಟೆಯಲ್ಲಿ ತಿಂದು ಎದ್ದು ಬರುತ್ತೇವೆ. ಸಪ್ಲೈಯರ್, ಟೇಬಲ್ ಒರೆಸುವ ಹುಡುಗ, ಗಲ್ಲಾದಲ್ಲಿ ಕೂತವರು ಅದೇ ಗಾಳಿಯಲ್ಲಿ ಇಡೀ ದಿನ ಇರುತ್ತಾರೆ, ಮಾಸ್ಕ್ ತೆಗೆದ ನೂರಾರು ಜನರ ಎದುರು. 2020 ಮತ್ತು 2021ರಲ್ಲಿ ಎರಡು ಬಾರಿ ಬಾಗಿಲು ಹಾಕಿದ ಈ ಕಸುಬಿನವರಿಗೆ ನಮ್ಮ ವ್ಯಾಪಾರ ಬೇಕು, ನಿಜ. ಆ ನೆರವನ್ನು ಪಾರ್ಸೆಲ್ ಕೊಂಡೂ ಕೊಡಬಹುದು. ಅವರು ಬಂದಾಗ ಮಾಸ್ಕ್ ಏರಿಸಿ ಆರ್ಡರ್ ಹೇಳುವುದೂ ನೆರವೇ. ಮಾಲೀಕರಿಗೆ ನಮ್ಮ ಮಾತು ಇಷ್ಟೇ: ಟೇಬಲ್ ಒರೆಸುವ ಔಷಧಿಗೆ ಸುರಿಯುವ ಹಣದಲ್ಲಿ ಒಂದು ಪಾಲನ್ನು ಎಕ್ಸಾಸ್ಟ್ ಫ್ಯಾನ್‌ಗೆ ಹಾಕಿ, ಕಿಟಕಿ ತೆರೆಯಿರಿ, ಕೆಲಸದವರಿಗೆಲ್ಲ ಎರಡು ಡೋಸ್ ಆಗುವಂತೆ ನೋಡಿಕೊಳ್ಳಿ.

ಫಾರ್ವರ್ಡ್ ಮಾಡುವ ಮುನ್ನ

"ಹೋಟೆಲ್ ಪೂರ್ತಿ ಸುರಕ್ಷಿತ" ಎನ್ನುವ ಸಂದೇಶವನ್ನೂ "ಹೋಟೆಲ್ ಅಂದರೆ ಸಾವು" ಎನ್ನುವ ಸಂದೇಶವನ್ನೂ ಅಲ್ಲೇ ನಿಲ್ಲಿಸಿ. ಮನೆಯ ಗ್ರೂಪಿಗೆ ಏನಾದರೂ ಕಳಿಸಲೇಬೇಕೆಂದರೆ ಇಷ್ಟು ಸಾಕು: *ತೆರೆದ ಜಾಗ, ಕಡಿಮೆ ಜನ, ಕಡಿಮೆ ಹೊತ್ತು, ಎರಡು ಡೋಸ್. ನಾಲ್ಕೂ ಇದ್ದರೆ ಹೋಗಬಹುದು. ಇಲ್ಲವಾದರೆ ಪಾರ್ಸೆಲ್.*