ತಾಮ್ರದ ತಗಡಿನಲ್ಲಿ ರಾಯಕೋಟೆ



ಬ್ಯಾಂಕಿನಲ್ಲಿ ಹಣ ಕಟ್ಟಿ ಸೀಲು ಒತ್ತಿಸಿಕೊಂಡ ಚಲನ್ ನಿಮ್ಮ ಮನೆಯಲ್ಲಿರಬಹುದು. ಆ ಸೀಲನ್ನು ತಿರುಗಿಸಿ ನೋಡಿದರೆ ಅಕ್ಷರಗಳು ಉಲ್ಟಾ ಇರುತ್ತವೆ. ಕಾಗದಕ್ಕೆ ಒತ್ತಿದಾಗ ನೆಟ್ಟಗಾಗುತ್ತವೆ. ಸೀಲು ಒತ್ತುತ್ತಲೇ ನೌಕರಿ ಮುಗಿಸಿದವನು ನಾನು. ಊರುಗಳನ್ನೇ ಹೀಗೆ ತಾಮ್ರದ ತಗಡಿನಲ್ಲಿ ಉಲ್ಟಾ ಬರೆದು ಅಚ್ಚೊತ್ತಿದವರ ಸಂಗತಿ ಇವತ್ತು ಹೇಳುತ್ತೇನೆ.

ಇಂಗ್ಲೆಂಡಿನ ಥಾಮಸ್ ಡೇನಿಯಲ್ 1786ರಲ್ಲಿ ತನ್ನ ಸೋದರನ ಮಗ ವಿಲಿಯಂ ಜೊತೆ ಕಲ್ಕತ್ತೆಗೆ ಬಂದನು. 1788ರೊಳಗೆ ಆ ನಗರದ 12 ನೋಟಗಳನ್ನು ಅಚ್ಚು ಮಾಡಿದನು. ತಗಡಿಗೆ ಮೇಣದಂಥ ಲೇಪ ಹಚ್ಚಿ ಸೂಜಿಯಿಂದ ಗೆರೆ ಎಳೆಯಬೇಕು. ಆಸಿಡ್ ಹಾಕಿದರೆ ಗೆರೆ ಇದ್ದ ಕಡೆ ಮಾತ್ರ ತಾಮ್ರ ಸವೆಯುತ್ತದೆ. ಆ ಗೆರೆಗಳಲ್ಲಿ ಶಾಯಿ ತುಂಬಿ, ಒದ್ದೆ ಕಾಗದವಿಟ್ಟು ಯಂತ್ರದಲ್ಲಿ ಒತ್ತಬೇಕು. ಮೋಡ, ನೆರಳುಗಳ ಛಾಯೆಗೆ ರಾಳದ ಪುಡಿ ಬಳಸುತ್ತಿದ್ದರು.

1792ರಲ್ಲಿ ಇಬ್ಬರೂ ಮದರಾಸಿನಿಂದ ಪಲ್ಲಕ್ಕಿ, ಆಳುಕಾಳುಗಳೊಂದಿಗೆ ಮೈಸೂರಿನ ಕಡೆ ಹೊರಟರು. ಟಿಪ್ಪುವಿನ ಮೇಲಿನ ಯುದ್ಧ ಆಗತಾನೆ ಮುಗಿದಿತ್ತು. ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟನು; 3 ಕೋಟಿ 30 ಲಕ್ಷ ರೂಪಾಯಿಗೆ ಒಪ್ಪಿ, ಇಬ್ಬರು ಮಕ್ಕಳನ್ನು ಒತ್ತೆ ಇಟ್ಟನು. ಬಾರಾಮಹಲ್ ಸೀಮೆ ಕಂಪನಿಗೆ ಸೇರಿತು.

ಆ ಸೀಮೆಯ ರಾಯಕೋಟೆ ಇಂದು ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲಿದೆ. ನಮ್ಮ ಹಾಗೆಯೇ ಕನ್ನಡ, ತೆಲುಗು ಎರಡೂ ಕೇಳಿಬರುವ ಗಡಿನಾಡು ಅದು. 1791ರಲ್ಲಿ ಇಂಗ್ಲಿಷರ ಸೈನ್ಯ ಆ ಕೋಟೆಯನ್ನು ಗೆದ್ದಿತ್ತು. ಡೇನಿಯಲರು ಬರೆದ ಆ ಬೆಟ್ಟದ ಚಿತ್ರ, 1795ರಿಂದ 1808ರವರೆಗೆ ಲಂಡನ್ನಿನಲ್ಲಿ ಹೊರಬಂದ ಅವರ 144 ಚಿತ್ರಗಳಲ್ಲಿ ಒಂದು. ನೋಡಲು ಚೆಂದವಾಗಿದೆ. ಆದರೆ ವರ್ಷದ ಹಿಂದಿನ ಮುತ್ತಿಗೆ ಅದರಲ್ಲಿಲ್ಲ.

ಅವರು ಸುಳ್ಳು ಬರೆದರೆಂದು ನಾನು ಹೇಳುವುದಿಲ್ಲ. ಅಳತೆ ತಪ್ಪದಿರಲೆಂದು ಕತ್ತಲೆ ಪೆಟ್ಟಿಗೆಯೊಳಗೆ ಗಾಜಿನಿಂದ ಬೀಳುವ ಬಿಂಬ ನೋಡಿ ಗೆರೆ ಎಳೆಯುತ್ತಿದ್ದವರು ಅವರು. ಚಿತ್ರ ಕೊಳ್ಳುವವರು ದೂರದೇಶದವರು. ಅವರಿಗೆ ಬೇಕಾದದ್ದು ರಮ್ಯ ನೋಟ. ಕೆಳಗಿನ ಹಳ್ಳಿಯವರ ಪಾಡು ಲೆಕ್ಕಕ್ಕೆ ಬರಲಿಲ್ಲ.

ನಮ್ಮ ಸೀಮೆಯನ್ನೂ 1800ರಲ್ಲಿ ನಿಜಾಮ ಕಂಪನಿಗೆ ಬಿಟ್ಟುಕೊಟ್ಟನು. ದತ್ತಮಂಡಲ ಎಂಬ ಹೆಸರು ಬಂದದ್ದು ಹಾಗೆ. ಅದೂ ನಮ್ಮ ಹಿರಿಯರನ್ನು ಕೇಳಿ ಆದದ್ದಲ್ಲ.

ಆದ್ದರಿಂದ ಹಳೆಯ ಕೋಟೆಯ ಚಿತ್ರ ಕಂಡರೆ, ಕೆಳಗಿರುವ ಇಸವಿಯನ್ನು ಮೊದಲು ಓದಿ. ನಿಮ್ಮೂರ ಬುರುಜಿನ ಬಗ್ಗೆ ಅಜ್ಜಿ, ತಾತ ಹೇಳುವುದನ್ನು, ಕನ್ನಡವೋ ತೆಲುಗೋ, ಅವರಾಡಿದ ಮಾತಿನಲ್ಲೇ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡಿ. ಡೇನಿಯಲರ ತಗಡಿಗೆ ಇಳಿಯದೆ ಉಳಿದದ್ದು ಅದೇ.