ವಿಮಾದಾರರ ಹಕ್ಕುಗಳು: ಕೃಷ್ಣಾ ತೀರದ ತಾಲ್ಲೂಕುಗಳಲ್ಲಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ವಿಮೆಯ ಪ್ರಶ್ನೆ ನೆರೆಯ ಪ್ರಶ್ನೆಯೂ ಹೌದು. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿದಾಗ ದೂಧಗಂಗಾ, ವೇದಗಂಗಾ ಬಯಲಿನ ಮನೆ, ಕಬ್ಬು, ದನಕರುಗಳೆಲ್ಲ ನೀರಿಗೆ ಸಿಕ್ಕವು. ಇಲ್ಲಿ ಕೊರತೆಯಿರುವುದು ಕಾನೂನಿನದಲ್ಲ, ಅದು ತಲುಪುವ ದಾರಿಯದು. 1999ರ ಕಾಯ್ದೆಯಡಿ ರಚನೆಯಾದ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರಕ್ಕೆ ಪಾಲಿಸಿದಾರರ ಹಿತ ಕಾಯುವುದೇ ಮೊದಲ ಕರ್ತವ್ಯ. 1938ರ ವಿಮಾ ಕಾಯ್ದೆಯ 45ನೇ ಕಲಮಿನ ಪ್ರಕಾರ ಮೂರು ವರ್ಷ ದಾಟಿದ ಜೀವವಿಮಾ ಪಾಲಿಸಿಯನ್ನು ಕಂಪನಿ ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ. ಕಂಪನಿಗೆ ಕೊಟ್ಟ ಲಿಖಿತ ದೂರಿಗೆ ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಲೋಕಪಾಲರ ಮೊರೆ ಹೋಗಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಷರತ್ತು ಓದದೆ ಸಹಿ ಹಾಕಿದವರದೇ ತಪ್ಪು ಎಂಬ ಆಕ್ಷೇಪವುಂಟು. ಅದರಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಕನ್ನಡ, ಮರಾಠಿ ಆಡುವ ಊರಿನಲ್ಲಿ, ಸಾಲದ ಕಾಗದದ ಜೊತೆಗೇ ಇಂಗ್ಲಿಷ್ ಪಾಲಿಸಿಗೂ ಹೆಬ್ಬೆಟ್ಟು ಬೀಳುವಾಗ ಅದನ್ನು ಸಮ್ಮತಿಯೆನ್ನುವುದು ಕಷ್ಟ. ಕರ್ನಾಟಕದ ಲೋಕಪಾಲರ ಕಚೇರಿ ಇರುವುದು ದೂರದ ಬೆಂಗಳೂರಿನಲ್ಲಿ. ಅಂಚೆ, ಅಂತರ್ಜಾಲದ ಮೂಲಕ ದೂರು ಕೊಡಬಹುದಲ್ಲ ಎಂಬ ಉತ್ತರ ಸರಿಯೇ. ನೆರೆಯಲ್ಲಿ ಪಾಲಿಸಿ ಪತ್ರವೇ ತೊಯ್ದುಹೋದವನಿಗೆ ಅದು ಅರ್ಧ ಉತ್ತರ ಮಾತ್ರ. ಹತ್ತಿರದ ಬಾಗಿಲು ಬೆಳಗಾವಿಯ ಜಿಲ್ಲಾ ಗ್ರಾಹಕ ಆಯೋಗ: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಬಳಿಕ, ಕಂಪನಿಯ ಕಚೇರಿ ಎಲ್ಲೇ ಇರಲಿ, ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದಾವೆ ಹೂಡಬಹುದು.