ಶ್ರೀಮಂತ ಮಂಡಲಗಳಿಗೆ ಪ್ರವೇಶ

ಕುಲದಿಂದಲೋ ಧನದಿಂದಲೋ ಮೇಲೇರಿದವರು ತಮ್ಮ ಕೂಟವನ್ನು ಸೇರಬಯಸುವ ನವಾಗತರ ವಂಶ, ವೃತ್ತಿ, ನಡೆನುಡಿಗಳನ್ನು ಪರಿಶೀಲಿಸುವ ಪದ್ಧತಿ ಬಹು ಪ್ರಾಚೀನವಾದುದೇ ಆದರೂ, ಅದು ನಿಯಮಬದ್ಧ ಸಂಸ್ಥೆಯ ರೂಪವನ್ನು ತಾಳಿದುದಕ್ಕೆ ಲಂಡನ್ ನಗರದ ಆಲ್ಮ್ಯಾಕ್ ಸಭಾಗೃಹವೇ ಪ್ರಸಿದ್ಧ ನಿದರ್ಶನ.

1765ರಲ್ಲಿ ವಿಲಿಯಂ ಆಲ್ಮ್ಯಾಕ್ ಎಂಬಾತನು ಕಿಂಗ್ ಸ್ಟ್ರೀಟಿನಲ್ಲಿ ತೆರೆದ ಈ ನೃತ್ಯಶಾಲೆಗೆ ಹತ್ತು ಗಿನಿಗಳ ಚಂದಾ ಗೊತ್ತಾಗಿದ್ದಿತು. ಆದರೆ ಚಂದಾ ತೆರಬಲ್ಲವರಿಗೆಲ್ಲ ಅಲ್ಲಿ ಪ್ರವೇಶವಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಲೇಡಿ ಜರ್ಸಿ, ಲೇಡಿ ಕ್ಯಾಸಲ್‌ರೇ, ರಷ್ಯದ ರಾಯಭಾರಿಯ ಪತ್ನಿ ಲೀವೆನ್ ಮೊದಲಾದ ಆರೇಳು ಮಂದಿ ಪೋಷಕಿಯರು ವಾರಕ್ಕೊಮ್ಮೆ ಕಲೆತು, ಅರ್ಜಿದಾರರ ಹೆಸರುಗಳನ್ನು ಒಂದೊಂದಾಗಿ ವಿಮರ್ಶಿಸಿ, ತಮಗೆ ಸಮ್ಮತರಾದವರಿಗೆ ಮಾತ್ರವೇ ಬುಧವಾರದ ನೃತ್ಯಕ್ಕೆ ಚೀಟಿಯನ್ನು ದಯಪಾಲಿಸುತ್ತಿದ್ದರು. ಗಾರ್ಡ್ಸ್ ಪಡೆಯ ಮುನ್ನೂರು ಮಂದಿ ಅಧಿಕಾರಿಗಳಲ್ಲಿ ಆರು ಮಂದಿಗಿಂತ ಹೆಚ್ಚಿನವರಿಗೆ ಆ ಭಾಗ್ಯ ಲಭಿಸಿರಲಿಲ್ಲವೆಂದು ಆ ಪಡೆಯವನೇ ಆದ ಕ್ಯಾಪ್ಟನ್ ಗ್ರೊನೋ ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ವೆಲಿಂಗ್ಟನ್ ಡ್ಯೂಕನಂಥ ಮಹಾಸೇನಾನಿಯೇ ಬಾಗಿಲಿಂದ ಹಿಂದಿರುಗಬೇಕಾಯಿತೆಂಬ ಕಥೆಯೂ ಉಂಟು. ಷರಾಯಿ ತೊಟ್ಟು ಬಂದುದೇ ಕಾರಣವೆಂದು ಕೆಲವರೂ, ಹೊತ್ತು ಮೀರಿ ಬಂದುದೆಂದು ಕೆಲವರೂ ಹೇಳುತ್ತಾರೆ. ಇಷ್ಟು ಹೆಣಗಿ ಒಳಹೊಕ್ಕವರಿಗೆ ಬೆಣ್ಣೆ ಸವರಿದ ತೆಳುರೊಟ್ಟಿಯೂ ನಿಂಬೆಯ ಪಾನಕವೂ ದೊರೆಯುತ್ತಿದ್ದುವೆಂಬುದನ್ನು ನೋಡಿದರೆ, ಜನರು ಬಯಸಿದ್ದು ಸುಖವನ್ನಲ್ಲ, ಇತರರಿಗೆ ನಿರಾಕೃತವಾದುದನ್ನು ಎಂಬುದು ವಿಶದವಾಗುತ್ತದೆ.

ಪುರುಷರ ಕ್ಲಬ್ಬುಗಳಲ್ಲಿ ಈ ಕಾರ್ಯವು ಗುಪ್ತಮತದಿಂದ ನಡೆಯುತ್ತಿದ್ದಿತು. ಪೆಟ್ಟಿಗೆಯಲ್ಲಿ ಒಂದೆರಡು ಕಪ್ಪುಗುಂಡುಗಳು ಬಿದ್ದರೆ ಅಭ್ಯರ್ಥಿಯು ಹೊರಗುಳಿಯುತ್ತಿದ್ದನು. ಬೇಡವೆಂದವರು ಯಾರೆಂದು ಹೇಳಬೇಕಾಗಿರಲಿಲ್ಲ.

ರಾಜನಿಲ್ಲದ ಅಮೆರಿಕದಲ್ಲಿ ಈ ಪಾರುಪತ್ಯವನ್ನು ನ್ಯೂಯಾರ್ಕಿನ ಶ್ರೀಮತಿ ಕ್ಯಾರೊಲಿನ್ ಆಸ್ಟರಳೂ, ಆಕೆಯ ಸಲಹೆಗಾರನಾದ ವಾರ್ಡ್ ಮೆಕ್ಆಲಿಸ್ಟರನೂ ವಹಿಸಿಕೊಂಡರು. 1872ರಲ್ಲಿ ಈತನು ಇಪ್ಪತ್ತೈದು ಮಂದಿ ಗೃಹಸ್ಥರನ್ನು ‘ಪೇಟ್ರಿಯಾರ್ಕ್’ರೆಂದು ಆರಿಸಿ, ನೃತ್ಯಕೂಟಗಳಿಗೆ ಅತಿಥಿಗಳನ್ನು ಕರೆಯುವ ಹಕ್ಕನ್ನೂ, ಕರೆಯಲ್ಪಟ್ಟವರ ಯೋಗ್ಯತೆಯ ಹೊಣೆಯನ್ನೂ ಅವರಿಗೊಪ್ಪಿಸಿದನು. ಹಡಗು ಮತ್ತು ರೈಲುಗಳಿಂದ ಐಶ್ವರ್ಯವಂತರಾದ ವ್ಯಾಂಡರ್‌ಬಿಲ್ಟರನ್ನು ಶ್ರೀಮತಿ ಆಸ್ಟರ್ ಬಹುಕಾಲ ಗಣಿಸಲೇ ಇಲ್ಲ. ತನ್ನ ಪತಿಯ ಪಿತಾಮಹನು ತುಪ್ಪುಳಚರ್ಮದ ವ್ಯಾಪಾರಿಯಾಗಿದ್ದನೆಂಬುದು ಆಕೆಯ ಗಣನೆಗೆ ಬಂದಂತೆ ತೋರದು. 1883ರ ಮಾರ್ಚ್ ತಿಂಗಳಲ್ಲಿ ಆಲ್ವಾ ವ್ಯಾಂಡರ್‌ಬಿಲ್ಟ್ ವೇಷನೃತ್ಯವೊಂದನ್ನು ಏರ್ಪಡಿಸಿದಾಗ, ತನ್ನ ಮಗಳಿಗೆ ಆಹ್ವಾನ ತಪ್ಪೀತೆಂಬ ಚಿಂತೆಯಿಂದ ಶ್ರೀಮತಿ ಆಸ್ಟರಳೇ ಮೊದಲು ತನ್ನ ಹೆಸರಿನ ಕಾರ್ಡನ್ನು ಆಲ್ವಾಳ ಮನೆಗೆ ಕಳುಹಿಸಿದಳೆಂದು ಪ್ರತೀತಿ.

ನ್ಯೂಯಾರ್ಕಿನ ಸಭ್ಯಸಮಾಜದಲ್ಲಿರುವವರು ನಾನೂರು ಮಂದಿ ಮಾತ್ರವೆಂದು ಮೆಕ್ಆಲಿಸ್ಟರನು 1888ರಲ್ಲಿ ಸಾರಿದ್ದನು. 1892ರಲ್ಲಿ ಆತನು ಪತ್ರಿಕೆಗೆ ಕೊಟ್ಟ ಪಟ್ಟಿಯಲ್ಲಿ ಅಷ್ಟು ಹೆಸರುಗಳೂ ಇರಲಿಲ್ಲ.